ತಾತನ ವಾಚು, ಹತ್ತು ರೂಪಾಯಿ ಪಿನ್ನು

ಕಳೆದ ಜೂನ್‌ನಲ್ಲಿ ತುಮಕೂರು ಬಸ್ ನಿಲ್ದಾಣದಲ್ಲಿ ಇಳಿಯುವಾಗ ನನ್ನ ಮಗಳ ಕೈಯಿಂದ ವಾಚು ಕಳಚಿ ಸಿಮೆಂಟ್ ನೆಲಕ್ಕೆ ಬಿತ್ತು. ಬೆಲ್ಟು ಹರಿದಿರಲಿಲ್ಲ, ಬಕಲ್ಲೂ ಬಿಚ್ಚಿರಲಿಲ್ಲ. ಆದರೂ ವಾಚು ನೆಲದ ಮೇಲಿತ್ತು. ಗಾಜು ಒಡೆದಿತ್ತು, ಸೆಕೆಂಡಿನ ಮುಳ್ಳು ಕಿತ್ತು ಬಂದು ಡಯಲಿನ ಮೇಲೆ ಅಡ್ಡ ಮಲಗಿತ್ತು.

ಬೇರೆ ವಾಚಾಗಿದ್ದರೆ ಎರಡು ದಿನ ಬೈದು ಸುಮ್ಮನಾಗುತ್ತಿದ್ದೆ. ಇದು ನಮ್ಮಪ್ಪನ ಎಚ್‌ಎಂಟಿ ಜನತಾ. ಅವರ ಮದುವೆಯಲ್ಲಿ ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಉಡುಗೊರೆಯಾಗಿ ಕೊಟ್ಟದ್ದು. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ಮೇಲೆ ಅದಕ್ಕೆ ಕೀ ಕೊಡುವುದು ಅಪ್ಪನ ದಿನದ ಮೊದಲ ಕೆಲಸ. ಅವರು ಹೋಗಿ ಮೂರು ವರ್ಷವಾಯಿತು. ಒಂಬತ್ತನೇ ಕ್ಲಾಸಿಗೆ ಸೇರಿದ ದಿನ ಮಗಳು, “ತಾತನ ವಾಚು ಬೀರುವಿನಲ್ಲಿ ಯಾಕಮ್ಮ ಇರಬೇಕು? ನಾನು ಕಟ್ಕೋತೀನಿ” ಅಂದಳು. ಹಳೇ ಬೆಲ್ಟು ಒಣಗಿ ಬಿರಿದಿತ್ತು. ಪೇಟೆಯಲ್ಲಿ ಅವಳೇ ಆರಿಸಿ ಸಪೂರವಾದ ಕೆಂಪು ಬೆಲ್ಟು ಕೊಂಡಳು. ಅಂಗಡಿಯವನು ಬೆಲ್ಟಿನ ಜೊತೆ ಬಂದಿದ್ದ ಪಿನ್ನನ್ನೇ ಹಾಕಿ ಎರಡು ನಿಮಿಷದಲ್ಲಿ ಕೈಗಿಟ್ಟ. ನಾವು ಖುಷಿಯಾಗಿ ಬಂದೆವು. ಹನ್ನೊಂದನೇ ದಿನಕ್ಕೆ ಬಸ್ ನಿಲ್ದಾಣ.

ಒಡೆದ ವಾಚನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಒಬ್ಬ ಹಿರಿಯ ರಿಪೇರಿಯವರ ಹತ್ತಿರ ಹೋದೆವು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಆರಂಭಿಸಿದ್ದು ಗೊತ್ತಲ್ಲ, ಆಮೇಲೆ ತುಮಕೂರಿನಲ್ಲೂ ಒಂದು ಬಂತು. ಇವರು ಅಲ್ಲಿ ದುಡಿದವರು. ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತಾದರೂ ಇವರ ಮೇಜಿನ ಮೇಲೆ ಎಚ್‌ಎಂಟಿಗಳ ಸಾಲು ಕರಗಿಲ್ಲ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. “ಮೆಷಿನ್ನಿಗೆ ಏನೂ ಆಗಿಲ್ಲಮ್ಮ. ಗಾಜು ಹಾಕಿ ಮುಳ್ಳು ಕೂರಿಸ್ತೀನಿ. ಆದ್ರೆ ಈ ಪಿನ್ನು ಯಾರು ಹಾಕಿದ್ದು?” ಅಂದರು. ಅವರ ದನಿಯಲ್ಲಿ ಬೇಸರವಿತ್ತು.

ಪಿನ್ನು ಎಂದರೆ ವಾಚಿಗೂ ಬೆಲ್ಟಿಗೂ ಗಂಟು ಹಾಕುವ ಸಣ್ಣ ಕಡ್ಡಿ. ನೋಡಲು ಸೂಜಿಯ ತುಂಡಿನ ಹಾಗಿದ್ದರೂ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಬಾಲ್‌ಪೆನ್ನಿನಲ್ಲಿರುವಂಥದೇ ಒಂದು ಪುಟಾಣಿ ಸ್ಪ್ರಿಂಗ್. ತುದಿ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ. ವಾಚಿನ ಮೇಲೆರಡು ಕೆಳಗೆರಡು ಚಾಚಿಕೊಂಡಿರುವ ಕಾಲುಗಳಿಗೆ ಲಗ್ ಅನ್ನುತ್ತಾರೆ. ಅವುಗಳ ಒಳಮೈಯಲ್ಲಿ ಚಿಕ್ಕ ತೂತುಗಳಿವೆ. ಪಿನ್ನಿನ ತುದಿ ಆ ತೂತಿನಲ್ಲಿ ಕೂತರೆ ಬೆಲ್ಟು ನಿಂತಿತು. ಇಡೀ ವಾಚಿನ ಭಾರ ಈ ಎರಡು ಪಿನ್ನುಗಳ ಮೇಲೆ.

ಸ್ಟೀಲ್ ಸ್ಕೇಲು ತೆಗೆದು ಅವರು ಮಗಳ ಕೈಗೇ ಕೊಟ್ಟರು. “ಎರಡು ಲಗ್ ನಡುವಿನ ಜಾಗ ಅಳಿ ಮಗಳೇ.” 18 ಮಿಲಿಮೀಟರ್ ಬಂತು. ಬೆಲ್ಟಿನ ಅಗಲ 16. ಪಿನ್ನೂ 16ರದ್ದೇ. ತುದಿಗಳು ತೂತಿನ ಬಾಯಿಗೆ ತಾಗಿಕೊಂಡಿದ್ದವಷ್ಟೇ, ಒಳಗೆ ಇಳಿದಿರಲಿಲ್ಲ. ಬೆಲ್ಟಿನ ಎರಡೂ ಪಕ್ಕ ಒಂದೊಂದು ಮಿಲಿಮೀಟರ್ ಸಂದು ಇದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು, ಚೆನ್ನಾಗಿಯೇ ಕಾಣುತ್ತಿದೆ ಅಂದುಕೊಂಡಿದ್ದೆ! ನಾವು ಬೆಲ್ಟನ್ನು ಮಗಳ ಸಣ್ಣ ಕೈ ನೋಡಿ ಆರಿಸಿದ್ದೆವು. ಆರಿಸಬೇಕಾದದ್ದು ವಾಚಿನ ಲಗ್ ನೋಡಿ, ಪಿನ್ನನ್ನೂ ಹಾಗೆಯೇ. ಇಲ್ಲೊಂದು ಗೊಂದಲ ಆಗಬಹುದು: 18ರ ಪಿನ್ ಎಂದರೆ 18ರ ಜಾಗಕ್ಕೆ ಹೊಂದುವ ಪಿನ್. ಬಿಡಿಯಾಗಿ ಅಳೆದರೆ ತುದಿಗಳೂ ಸೇರಿ ಅದಕ್ಕಿಂತ ಉದ್ದವೇ ಇರುತ್ತದೆ. ಹಾಗಾಗಿ ಪಿನ್ನನ್ನಲ್ಲ, ಜಾಗವನ್ನು ಅಳೆಯಬೇಕು.

ಉದ್ದ ಸರಿಯಾದರೆ ಸಾಲದು, ದಪ್ಪವೂ ನೋಡಬೇಕಂತೆ. ಮಾಮೂಲಿ ಚರ್ಮದ ಬೆಲ್ಟಿಗೆ 1.5 ಮಿ.ಮೀ. ದಪ್ಪದ ಪಿನ್ ಸಾಕು. ಭಾರದ ವಾಚು, ರಬ್ಬರ್ ಬೆಲ್ಟು, ಸ್ಟೀಲ್ ಚೈನು ಇದ್ದರೆ 1.8ರದ್ದು ಒಳ್ಳೆಯದು, ಆದರೆ ಬೆಲ್ಟಿನ ತೂತಿನಲ್ಲಿ ಅದು ಹಿಡಿಸಬೇಕು. ಸೈಕೋ ಕಂಪನಿಯ ಹಲವು ಡೈವಿಂಗ್ ವಾಚುಗಳಲ್ಲಿ 2.5 ಮಿ.ಮೀ. ದಪ್ಪದ ಪಿನ್ನೇ ಇರುತ್ತದೆ, ಅದರ ತುದಿಯೂ ದಪ್ಪ. ಅಂಥ ವಾಚಿನ ದೊಡ್ಡ ತೂತಿಗೆ ಸಣ್ಣ ತುದಿಯ ಪಿನ್ ಹಾಕಿದರೆ ಲೊಡಲೊಡ ಅಲ್ಲಾಡುತ್ತಾ ತೂತನ್ನೇ ಸವೆಸುತ್ತದೆ. ಪಿನ್ನು ಹತ್ತು ರೂಪಾಯಿಗೆ ಸಿಗುತ್ತದೆ, ಸವೆದ ಲಗ್ಗಿಗೆ ಎಲ್ಲಿಗೆ ಹೋಗುವುದು?

ಪಿನ್ನಿನ ತುದಿಯ ಹತ್ತಿರ ಬಳೆಯಂಥ ಅಂಚು ಇರುತ್ತದೆ. ಬಿಚ್ಚುವಾಗ ಸಣ್ಣ ಕವಲಿನ ಉಪಕರಣಕ್ಕೆ ಹಿಡಿತ ಸಿಗುವುದು ಅಲ್ಲಿಯೇ. ಲಗ್ಗಿನ ಹೊರಮೈಗೂ ತೂತು ಬಂದಿರುವ ವಾಚಾದರೆ ಅಂಚಿಲ್ಲದ ಪಿನ್ನೂ ನಡೆಯುತ್ತದೆ, ಹೊರಗಿನಿಂದಲೇ ಒತ್ತಿ ತೆಗೆಯಬಹುದು. ಈಗ ಉಗುರಿನಲ್ಲೇ ಎಳೆದು ಬಿಚ್ಚುವ, ಪುಟ್ಟ ಗುಬುಟಿನ ಪಿನ್ನುಗಳೂ ಬಂದಿವೆ. ಸ್ಮಾರ್ಟ್ ವಾಚ್ ಬೆಲ್ಟುಗಳಲ್ಲಿ ನೀವೂ ನೋಡಿರುತ್ತೀರಿ. ಬಟ್ಟೆಗೊಂದು ಬೆಲ್ಟು ಬದಲಿಸುವವರಿಗೆ ಅನುಕೂಲವೇ, ಯಜಮಾನರಿಗೆ ಮಾತ್ರ ಅವು ಅಷ್ಟಾಗಿ ಹಿಡಿಸಿದಂತಿಲ್ಲ.

“ಶಾಲೇಲಿ ಥ್ರೋಬಾಲ್ ಆಡ್ತೀನಿ, ಆಗ್ಲೂ ಬೀಳಬಾರ್ದು” ಅಂದಳು ಮಗಳು. ಅವರು ಒಂದೇ ಉದ್ದನೆಯ ನೈಲಾನ್ ಪಟ್ಟಿ ತೋರಿಸಿದರು. ಬ್ರಿಟಿಷ್ ಸೈನ್ಯಕ್ಕೆ 1973ರಲ್ಲಿ ಗೊತ್ತುಮಾಡಿದ ಮಾದರಿ ಇದು, ಹೆಸರು ಮಾತ್ರ ನೇಟೋ ಪಟ್ಟಿ ಎಂದಾಗಿದೆ. ಎರಡೂ ಪಿನ್ನುಗಳ ಅಡಿಯಲ್ಲಿ ನುಸುಳಿ ಬರುವುದರಿಂದ ಒಂದು ಪಿನ್ ಹಾರಿಹೋದರೂ ವಾಚು ಇನ್ನೊಂದರಲ್ಲಿ ತೂಗಾಡುತ್ತದೆ. ಆದರೆ ಪಿನ್ನಿಗೂ ವಾಚಿನ ಮೈಗೂ ನಡುವೆ ಪಟ್ಟಿ ತೂರುವಷ್ಟು ಜಾಗ ಇರಬೇಕು. ಇಲ್ಲದಿದ್ದರೆ ತೆಳು ಪಟ್ಟಿ ಹುಡುಕಬೇಕು, ಇಲ್ಲವೇ ಬಾಗಿಸಿಯೇ ತಯಾರಿಸಿದ ಪಿನ್ ಹಾಕಬೇಕು. ನೇರ ಪಿನ್ನನ್ನು ಇಕ್ಕಳದಲ್ಲಿ ನಾವೇ ಬಾಗಿಸಿದರೆ ಒಳಗಿನ ಸ್ಪ್ರಿಂಗ್ ಸಿಕ್ಕಿಕೊಳ್ಳುತ್ತದೆ.

ಕೊನೆಗೆ 18ರ ನೀಲಿ ಪಟ್ಟಿ, ಎರಡು ಹೊಸ ಸ್ಟೇನ್‌ಲೆಸ್ ಸ್ಟೀಲ್ ಪಿನ್. ಒಂದನ್ನೇ ಬದಲಿಸಿದರೆ ಸಾಲದೇ ಎಂದು ಕೇಳಿದ್ದಕ್ಕೆ ಹಳೆಯ ಇನ್ನೊಂದು ಪಿನ್ನಿನ ತುದಿ ಒತ್ತಿ ತೋರಿಸಿದರು. ಹನ್ನೊಂದು ದಿನದ ಬೆವರಿಗೇ ತುಕ್ಕಿನ ಚುಕ್ಕೆ ಬಂದಿತ್ತು, ಒಳಗೆ ಹೋದ ತುದಿ ಹೊರಗೆ ಬರಲು ಯೋಚಿಸುತ್ತಿತ್ತು. ಹೊಸದನ್ನು ಕೂರಿಸುವಾಗ ಟಕ್ ಎಂದು ಸಣ್ಣ ಸದ್ದಾಯಿತು. “ಈ ಸದ್ದು ಕೇಳ್ಬೇಕು. ಆಮೇಲೆ ಜೋರಾಗಿ ಎಳೀಬೇಕು. ಬರೋದಾದ್ರೆ ಈಗ್ಲೇ ಬರಲಿ, ಇಲ್ಲಿ ಮೇಜಿನ ಮೇಲೆ” ಅಂದರು. ಮಗಳು ಹಲ್ಲು ಕಚ್ಚಿ ಎಳೆದಳು. ಬರಲಿಲ್ಲ.

ಈಗ ಪಿನ್ ಬದಲಿಸುವ ಕೆಲಸ ಮನೆಯಲ್ಲಿ ಅವಳದೇ. ಊಟದ ತಟ್ಟೆಯಲ್ಲಿ ಟವೆಲ್ ಹಾಸಿ, ಲಗ್ಗಿಗೆ ಗೀರು ಬೀಳದಂತೆ ಟೇಪು ಅಂಟಿಸಿ, ಪಿನ್ನಿನ ಮೇಲೆ ಬೆರಳಿಟ್ಟುಕೊಂಡೇ ಬಿಚ್ಚುತ್ತಾಳೆ. ಬೆರಳಿಡುವುದನ್ನು ಕಲಿತದ್ದು ಎರಡನೇ ಸಲಕ್ಕೆ. ಮೊದಲ ಸಲ ಹಾರಿದ ಪಿನ್ನು ಅಡುಗೆಮನೆಯಲ್ಲಿ ಎಲ್ಲೋ ಇದೆ, ಇವತ್ತಿಗೂ ಸಿಕ್ಕಿಲ್ಲ.