ನಿಮಗಿದು ಗೊತ್ತೇ? ಬಾವಿ, ಅತ್ತಿಮರ, ಮಗ್ಗ

ಮೂಡಲಪಾಳ್ಯ ಇರುವುದು ಬೆಂಗಳೂರಿನ ಪಡುವಣದಲ್ಲಿ! ಮೂಡಲು ಅಂದರೆ ಪೂರ್ವ, ಪಾಳ್ಯ ಅಂದರೆ ಬೀಡುಬಿಟ್ಟ ಜಾಗ, ಪುಟ್ಟ ಊರು. ವಿಜಯನಗರಕ್ಕೂ ನಾಗರಬಾವಿಗೂ ನಡುವಿನ ಈ ಊರಿಗೆ ಹೆಸರಿಟ್ಟವರ ಲೆಕ್ಕದಲ್ಲಿ ಬೆಂಗಳೂರು ಇದ್ದಂತಿಲ್ಲ. ತಮ್ಮ ಹೊಲ, ತಮ್ಮ ಹಟ್ಟಿಯ ಕಡೆಯಿಂದ ದಿಕ್ಕು ನೋಡಿಕೊಂಡಿರಬೇಕು. ನಗರ ಆಮೇಲೆ ಬಂದು ಅವರ ಪೂರ್ವವನ್ನು ಪಶ್ಚಿಮ ಮಾಡಿತು.

ಸುತ್ತಲಿನ ಹೆಸರುಗಳನ್ನೂ ಒಮ್ಮೆ ಬಾಯಲ್ಲಿ ಹೇಳಿಕೊಳ್ಳಿ. ನಾಗರಬಾವಿಯಲ್ಲಿ ಬಾವಿ ಇದೆ, ಅತ್ತಿಗುಪ್ಪೆಯಲ್ಲಿ ಅತ್ತಿ ಇದೆ, ಪಟ್ಟೆಗಾರಪಾಳ್ಯದಲ್ಲಿ ಪಟ್ಟೆ ನೇಯುವವರಿದ್ದಾರೆ. ನೀರು, ನೆರಳು, ಕಸುಬು. ಊರು ಬಾಳಲು ಯೋಗ್ಯವೇ ಅಂತ ಅಳೆಯಲು ಈಗ ದೆಹಲಿಯಲ್ಲೂ ಲಂಡನ್ನಿನಲ್ಲೂ ತಜ್ಞರ ತಂಡಗಳೇ ಇವೆ. ನಮ್ಮ ಕಡೆಯ ಬಸ್ಸಿನ ಬೋರ್ಡಿನಲ್ಲೇ ಪರೀಕ್ಷೆಯ ಮೂರು ಪ್ರಶ್ನೆಗಳು ಬರೆದಿವೆ.

ಕಸುಬಿನ ಪ್ರಶ್ನೆಯಲ್ಲಿ ನಮ್ಮೂರು ಪಾಸು, ಅದೂ ಡಿಸ್ಟಿಂಕ್ಷನ್ನಿನಲ್ಲಿ. ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ. ಅಂಕ 66.70. ಎರಡನೆಯ ಪುಣೆಗೆ 66.27. 2018ರ ಪಟ್ಟಿಯಲ್ಲಿ ಇದೇ ಬೆಂಗಳೂರು 58ನೆಯದಾಗಿತ್ತು! ಮೂರು ವರ್ಷದಲ್ಲಿ ಏನಾಯಿತಪ್ಪಾ ಅಂತ ತಲೆ ಕೆರೆದುಕೊಳ್ಳಬೇಡಿ, ಅಳೆಯುವ ಕ್ರಮ ಬದಲಾಗಿತ್ತು. ಆರ್ಥಿಕ ಸಾಮರ್ಥ್ಯ ಎಂಬ ಒಂದೇ ವಿಭಾಗದಲ್ಲಿ ಬೆಂಗಳೂರಿಗೆ ಬಿದ್ದದ್ದು 78.82. ಆ ವಿಭಾಗದಲ್ಲಿ ಎರಡನೆಯದಾದ ದೆಹಲಿಗೆ 50.73. ಬದುಕಿನ ಗುಣಮಟ್ಟದ ವಿಭಾಗದಲ್ಲಿ ಮೊದಲು ಬಂದದ್ದು ಚೆನ್ನೈ.

ಅದೇ ದಿನ ಇನ್ನೊಂದು ಪಟ್ಟಿಯೂ ಹೊರಬಿತ್ತು, ನಗರಪಾಲಿಕೆಗಳ ಕಾರ್ಯಕ್ಷಮತೆಯದ್ದು. ಅದರಲ್ಲಿ ಬೆಂಗಳೂರು 31. ಊರು ಫಸ್ಟು, ಊರು ನೋಡಿಕೊಳ್ಳುವವರು ಮೂವತ್ತೊಂದು. ದುಡಿಯುವ ಮಗನ ಸಂಬಳದ ಮೇಲೆ ಮನೆಯ ಮರ್ಯಾದೆ ನಿಂತಿರುವ ಹಾಗೆ.

ಈಗ ನೀರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿದೆ, ದೊಡ್ಡ ನದಿ ಯಾವುದೂ ಪಕ್ಕದಲ್ಲಿಲ್ಲ. ಕೆಂಪೇಗೌಡರ ಕಾಲದಿಂದ ಕೆರೆಗಳೇ ಗತಿ. ಕೊಳಾಯಿ ನೀರು ಬಂದದ್ದು 1896ರಲ್ಲಿ, ಹೆಸರಘಟ್ಟದಿಂದ. ಆಮೇಲೆ 1933ರಲ್ಲಿ ಅರ್ಕಾವತಿ, ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯ ಜಲಾಶಯ. ಅದೂ ಸಾಲದೆ 1974ರಲ್ಲಿ ಕಾವೇರಿ. ಇವತ್ತು ನಿಮ್ಮ ಮನೆಯ ಸಂಪಿಗೆ ಬೀಳುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಬಂದದ್ದು. ಬರೀ ಬಂದದ್ದಲ್ಲ, ಹತ್ತಿ ಬಂದದ್ದು. ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪು ಹಾಕಿ, ಒಟ್ಟು ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಅದನ್ನು ಏರಿಸುತ್ತಾರೆ. ತರಕಾರಿ ತೊಳೆದು ಚೆಲ್ಲುವ ಒಂದೊಂದು ಚೊಂಬಿಗೂ ಕರೆಂಟು ಖರ್ಚಾಗಿದೆ.

ಬಾಳಲು ಯೋಗ್ಯ ನಗರಗಳ ಜಾಗತಿಕ ಪಟ್ಟಿಗಳಲ್ಲಿ ಮತ್ತೆ ಮತ್ತೆ ಮೊದಲು ನಿಲ್ಲುವ ವಿಯೆನ್ನಾಕ್ಕೆ ಈ ತಾಪತ್ರಯವಿಲ್ಲ. ಅವರ ಕುಡಿಯುವ ನೀರು ಆಲ್ಪ್ಸ್ ಬೆಟ್ಟದ ಒರತೆಗಳಿಂದ ಇಳಿಜಾರಿನಲ್ಲಿ ತಾನೇ ಹರಿದುಬರುತ್ತದೆ. ಮೊದಲ ಕಾಲುವೆ 1873ರದ್ದು, ಎರಡನೆಯದು 1910ರದ್ದು. ಭೂಗೋಳದ ಕೃಪೆಗೂ ಅಂಕ ಕೊಡುವ ಪರೀಕ್ಷೆಯಲ್ಲಿ ನಾವು ಅವರ ಪಕ್ಕದಲ್ಲಿ ಕೂತಿದ್ದೇವೆ, ನೆನಪಿರಲಿ.

ಆದರೆ ನಮಗೆ ಇನ್ನೊಂದು ಕೃಪೆಯಿದೆ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನ ಆಸುಪಾಸು. ಥರ್ಟಿ ಫಾರ್ಟಿ ಸೈಟು ಅಂದರೆ 1,200 ಚದರಡಿ, ಸುಮಾರು 111 ಚದರ ಮೀಟರ್. ಗುಣಿಸಿ ನೋಡಿ: ಒಂದು ಸೈಟಿನ ಮೇಲೆ ವರ್ಷಕ್ಕೆ ಬೀಳುವುದು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ನಾಲ್ಕು ಜನರ ಮನೆಗೆ 540 ಲೀಟರ್. ಅಂದರೆ ನಿಮ್ಮ ತಲೆಯ ಮೇಲಿಂದಲೇ ಆರು ತಿಂಗಳ ನೀರು ಮೋರಿಗೆ ಹೋಗುತ್ತಿದೆ. ಅಷ್ಟನ್ನೂ ಹಿಡಿಯಲಾಗದು ಅನ್ನಿ, ತಾರಸಿ ಹೀರುವುದಿದೆ, ಮೊದಲ ಮಳೆಯ ಕೊಳೆ ಬಿಡುವುದಿದೆ. ಅರ್ಧ ಹಿಡಿದರೂ ಬೇಸಗೆಯಲ್ಲಿ ಟ್ಯಾಂಕರಿನವರಿಗೆ ಫೋನು ಮಾಡುವ ಸರದಿ ತಪ್ಪುತ್ತದೆ. 2009ರ ತಿದ್ದುಪಡಿಯ ನಂತರ ಬೆಂಗಳೂರಿನಲ್ಲಿ 1,200 ಚದರಡಿಯ ಹೊಸ ಮನೆಗಳಿಗೂ 2,400 ಚದರಡಿಯ ಹಳೆಯ ಮನೆಗಳಿಗೂ ಮಳೆಕೊಯ್ಲು ಕಡ್ಡಾಯ. ನಮ್ಮ ಅಡ್ಡರಸ್ತೆಯಲ್ಲಿ ಅದನ್ನು ಮಾಡಿಸಿದವರ ಮನೆ ಎಣಿಸಲು ಕೈಬೆರಳು ಸಾಕು. ಮೂರನೇ ಮಹಡಿಗೆ ಬಾಡಿಗೆ ಮನೆ ಏರಿಸುವಾಗ ಇರುವ ಉತ್ಸಾಹ ಒಂದು ಫಿಲ್ಟರ್ ಡ್ರಮ್ಮು ಇಡಲು ಯಾಕೋ ಬರುವುದಿಲ್ಲ.

ನೆರಳು! ಬೆಂಗಳೂರಿನ ಬೀದಿಮರಗಳ ಕೆಳಗೆ ಥರ್ಮಾಮೀಟರ್ ಹಿಡಿದು ನಿಂತವರಿದ್ದಾರೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ ಮರವಿಲ್ಲದ ಕಡೆಗಿಂತ 5.6 ಡಿಗ್ರಿಯವರೆಗೆ ತಂಪು. ಡಾಂಬರಿನ ಮೇಲ್ಮೈಯಂತೂ 27.5 ಡಿಗ್ರಿಯವರೆಗೆ ತಂಪು. ಎರಡನೆಯ ಅಂಕಿಯನ್ನು ಇನ್ನೊಮ್ಮೆ ಓದಿ. ಹೊಂಗೆಯ ಕೆಳಗೆ ತಳ್ಳುಗಾಡಿ ನಿಲ್ಲಿಸುವ ಸೊಪ್ಪಿನಮ್ಮ ಈ ಅಧ್ಯಯನ ಓದಿಲ್ಲ, ಓದಬೇಕಾಗಿಯೂ ಇಲ್ಲ. ಹನ್ನೊಂದು ಗಂಟೆಗೆ ಸೊಪ್ಪು ಬಾಡುತ್ತದೋ ಇಲ್ಲವೋ ಎಂಬುದೇ ಅವಳ ಥರ್ಮಾಮೀಟರ್.

ವರ್ಷವಿಡೀ ಒಂದಲ್ಲ ಒಂದು ಮರ ಹೂಬಿಟ್ಟಿರಬೇಕು ಎಂದು ಸರದಿಯಲ್ಲಿ ಗಿಡ ಆರಿಸಿ ನೆಡಿಸಿದವರು ಜರ್ಮನಿಯ ಕ್ರುಂಬಿಗಲ್. ಲಾಲ್‌ಬಾಗಿನ ಹೊಣೆ ಹೊತ್ತಿದ್ದವರು. ಅವರ ಕಾಲದ ಬೆಂಗಳೂರಿನಲ್ಲಿ ಮೂಡಲಪಾಳ್ಯ ಸೇರಿರಲಿಲ್ಲ, ಹಾಗಾಗಿ ಅವರ ಹೂವಿನ ಸರದಿ ನಮ್ಮವರೆಗೆ ಬರಲಿಲ್ಲ. ನಮ್ಮ ಪಾಲಿನ ಹಸಿರು ಬೇರೆ ಇದೆ: ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. ಸಾವಿರ ಎಕರೆಗೂ ಮಿಕ್ಕಿದ್ದು, ಲಾಲ್‌ಬಾಗಿನ ನಾಲ್ಕು ಪಾಲು. ಪಡುವಣದವರು ಬೆಳಗಿನ ಐದೂವರೆಗೆ ಎದ್ದು ಎಲ್ಲಿಗೆ ಹೋಗುತ್ತಾರೆ ಎಂದು ದಕ್ಷಿಣದ ನೆಂಟರು ಕೇಳಿದರೆ ಇದನ್ನು ಹೇಳಿ.

ಅಂದಹಾಗೆ ಸ್ವಂತ ಕಾಂಪೌಂಡಿನೊಳಗಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾನೂನು 1976ರದ್ದು. ಎಲೆ ಉದುರಿ ಅಂಗಳ ಗಲೀಜಾಗುತ್ತದೆ ಅನ್ನುವ ಪಕ್ಕದ ಮನೆಯವರಿಗೆ ಮೆಲ್ಲಗೆ ತಿಳಿಸಬಹುದು.

ಫುಟ್‌ಪಾತು ಎಷ್ಟು ಎತ್ತರ ಇರಬೇಕು? ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ 150 ಮಿಲಿಮೀಟರ್ ಮೀರಬಾರದು, ಅಂದರೆ ಒಂದು ಗೇಣಿಗೂ ಕಡಿಮೆ. ಅಡ್ಡಿಯಿಲ್ಲದೆ ನಡೆಯಲು 1.8 ಮೀಟರ್ ಅಗಲ ಇರಬೇಕು, ಎರಡು ಗಾಲಿಕುರ್ಚಿ ಎದುರುಬದುರಾಗಿ ದಾಟುವಷ್ಟು. ಇನ್ನು ಮೂಡಲಪಾಳ್ಯ ಸರ್ಕಲ್ಲಿನಿಂದ ಯಾವ ದಿಕ್ಕಿಗಾದರೂ ನಡೆದು ನೋಡಿ. ಒಂದು ಕಡೆ ಮಂಡಿಯೆತ್ತರದ ಕಲ್ಲು, ಮುಂದೆ ಇಳಿಜಾರಿನ ಗೇಟು, ಅದರಾಚೆ ಟ್ರಾನ್ಸ್‌ಫಾರ್ಮರು, ಅದರ ಬುಡದಲ್ಲಿ ಬೈಕು. ನಮ್ಮ ಸೋದರತ್ತೆ ಸಂಜೆ ದೇವಸ್ಥಾನಕ್ಕೆ ರಸ್ತೆಯ ಮಧ್ಯೆಯೇ ನಡೆಯುತ್ತಾರೆ. ಬೈದರೆ ಅವರದ್ದು ಒಂದೇ ಮಾತು: ‘ಗಾಡಿಯವರು ನನ್ನ ನೋಡಿ ನಿಲ್ಸ್ತಾರೆ ಕಣೋ, ಆ ಚಪ್ಪಡಿ ಕಲ್ಲು ನನ್ನ ನೋಡಿ ನಿಲ್ಲುತ್ತಾ?’ ಅಡಿಯ ಚರಂಡಿಗೆ ಬಾಯಿ ಬಿಟ್ಟುಕೊಂಡು ಅಲ್ಲಾಡುವ ಚಪ್ಪಡಿಯನ್ನು ಕಂಡವರಿಗೆ ಇದಕ್ಕೆ ಎದುರುತ್ತರ ಹೊಳೆಯುವುದಿಲ್ಲ. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅತ್ತೆಗೆ ಇನ್ನೂ ಹೇಳಿಲ್ಲ, ಹೇಳಿದರೆ ಅವರು ಕೋರ್ಟಿಗೇ ಹೊರಡುವ ಪೈಕಿ.

ಮನೆಯ ಜಗಲಿ, ಕೆಳಗಡೆ ಅಂಗಡಿ, ಮೂಲೆಯಲ್ಲಿ ಹೂವು ಕಟ್ಟುವವಳು: ಇವೆಲ್ಲ ಹಳೆಯ ಕಾಲದ ಗೊಂದಲವೆಂದೇ ನಗರ ಯೋಜಕರು ಬಗೆದಿದ್ದ ಕಾಲವೊಂದಿತ್ತು. 1961ರಲ್ಲಿ ಜೇನ್ ಜೇಕಬ್ಸ್ ಎಂಬ ನ್ಯೂಯಾರ್ಕಿನ ಪತ್ರಕರ್ತೆ, ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿನ ಅಂಗಡಿಯವರ, ಕಿಟಕಿಯಲ್ಲಿ ನಿಂತವರ ಕಣ್ಣುಗಳು ಎಂದು ದೊಡ್ಡ ಪುಸ್ತಕವನ್ನೇ ಬರೆದರು. ನಗರ ಯೋಜನೆಯಲ್ಲಿ ಆಕೆಗೆ ಪದವಿ ಇರಲಿಲ್ಲ. ನಮ್ಮ ಬೀದಿಯ ಕೊನೆಯ ಇಸ್ತ್ರಿ ಅಂಗಡಿಯವರಿಗೂ ಇಲ್ಲ. ಆದರೆ ಯಾರ ಮನೆಗೆ ಯಾವಾಗ ಯಾರು ಬಂದರು ಎಂಬುದು ಸಿಸಿಟಿವಿಗಿಂತ ಚೆನ್ನಾಗಿ ಅವರಿಗೆ ಗೊತ್ತು. ಕೆಲವೊಮ್ಮೆ ಬೇಕಾದ್ದಕ್ಕಿಂತ ಚೆನ್ನಾಗಿ.

ಬೀದಿ ವ್ಯಾಪಾರಿಗಳಿಗೆ 2014ರಿಂದ ಕೇಂದ್ರದ ಕಾನೂನೇ ಇದೆ. ಒಂದು ವಾರ್ಡಿನ ಜನಸಂಖ್ಯೆಯ ಶೇಕಡಾ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಒದಗಿಸಬೇಕು, ಅವರ ಬಗ್ಗೆ ತೀರ್ಮಾನಿಸುವ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ ನಲವತ್ತು ಮಂದಿ ವ್ಯಾಪಾರಿಗಳೇ ಇರಬೇಕು.

ಮನೆ ಕಂದಾಯದ ರಸೀದಿ ತೆಗೆದು ನೋಡಿ. ಕಂದಾಯದ ಮೇಲೆ ಬೀಳುವ ಸೆಸ್ಸುಗಳಲ್ಲಿ ನೂರಕ್ಕೆ 6 ಗ್ರಂಥಾಲಯದ್ದು! ನೀವು ಆ ಕಡೆ ತಲೆಹಾಕಿಯೂ ಮಲಗದಿದ್ದರೂ ಹಂಪಿನಗರದ ಗ್ರಂಥಾಲಯದ ಕುರ್ಚಿಯಲ್ಲಿ ನಿಮ್ಮ ಪಾಲಿದೆ. ಮಧ್ಯಾಹ್ನದ ಹೊತ್ತಲ್ಲಿ ಆ ಕುರ್ಚಿ ಸಿಗುವುದು ಕಷ್ಟ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಡಬ್ಬಿ ಸಮೇತ ಬಂದಿರುತ್ತಾರೆ. ಇನ್ನೊಂದು ನೂರಕ್ಕೆ 3, ಭಿಕ್ಷುಕರ ಸೆಸ್ಸು. ಆ ಹಣದ ಗುರಿ ಎಲ್ಲಿ ಅಂದರೆ, ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರ. ಬೆಂಗಳೂರಿನ ಎಲ್ಲ ಮೂಲೆಗಳ ಮನೆಗಳು ಕಟ್ಟುವ ಆ ಮೂರು ಕಾಸು ಬಂದು ನಿಲ್ಲುವುದು ನಮ್ಮ ಪಡುವಣದಲ್ಲೇ.

ವಿಜಯನಗರದವರಿಗೆ ಮೆಟ್ರೋ ಬಂದದ್ದು 2015ರ ನವೆಂಬರ್ 16ರಂದು. ಆದರೆ ಅದು ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಗೆ ಹೋಗಿ ನಿಂತುಬಿಡುತ್ತಿತ್ತು. ಮೆಜೆಸ್ಟಿಕ್ಕಿನ ಸುರಂಗ ತೆರೆದದ್ದು ಮರುವರ್ಷದ ಏಪ್ರಿಲ್ ಕೊನೆಗೆ. ಆ ಐದು ತಿಂಗಳು ಅದು ಆಫೀಸಿಗೆ ಹೋಗುವವರಿಗಿಂತ ಮಕ್ಕಳನ್ನು ಆಡಿಸುವವರಿಗೇ ಹೆಚ್ಚು ಉಪಯೋಗವಾಯಿತು. ಅಜ್ಜಂದಿರು ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗಿ ಬರುತ್ತಿದ್ದರು.

ವಾಹನ ಸಂಚಾರ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಹೋಗಲು ಬೇಕಾದದ್ದು 29 ನಿಮಿಷ 10 ಸೆಕೆಂಡು. ಜಗತ್ತಿನಲ್ಲೇ ಎರಡನೆಯ ನಿಧಾನದ ಊರು. ಮೊದಲನೆಯದು ಲಂಡನ್!

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮನೆಗಳಿರುವ ಪ್ರದೇಶದಲ್ಲಿ ಸದ್ದು 45 ಡೆಸಿಬಲ್ ದಾಟಬಾರದು, ಹಗಲಿಗೆ 55. ನಿಯಮ 2000ನೇ ಇಸವಿಯದ್ದು. ನವೆಂಬರ್ ಪೂರ್ತಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಕೇಳುವ ನಾವು ಆ ತಿಂಗಳು ನಿಯಮಕ್ಕೂ ಕನ್ನಡಕ್ಕೂ ಜಗಳ ತರುವುದಿಲ್ಲ.

ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಲ ನಡುವೆ ಒಂದು ಸಣ್ಣ ಓಣಿ ಕಂಡಿದ್ದೀರಾ? ಅದು ಮಲ ಹೊರುವವರಿಗಾಗಿ ಬಿಟ್ಟ ದಾರಿ. 1898ರಲ್ಲಿ ಪ್ಲೇಗು ಬಡಿದಾಗ ಪೇಟೆಯ ಇಕ್ಕಟ್ಟು ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಗಳ ಕಡೆ ಹೊರಟರು. ಅಗಲ ರಸ್ತೆ, ಗಾಳಿಯಾಡುವ ಮನೆಗಳು ಅಲ್ಲಿ ಬಂದವು, ಈ ಓಣಿಯೂ ಬಂತು. ಊರಿನ ಆರೋಗ್ಯ ಸುಧಾರಿಸಿದ ನಕ್ಷೆಯಲ್ಲೇ ಒಂದಷ್ಟು ಜನರನ್ನು ಹಿಂಬಾಗಿಲಿಗೆ ನಿಲ್ಲಿಸಿದ ಗೆರೆಯೂ ಇತ್ತು. ಆ ಬಡಾವಣೆಗಳ ಚಂದ ಹೊಗಳುವ ಲೇಖನಗಳಲ್ಲಿ ಈ ಗೆರೆ ಕಾಣಿಸುವುದು ಅಪರೂಪ.

ಬೀದಿ ದೀಪ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯ, ಸ್ಮಶಾನ, ಇವೆಲ್ಲ ಭಾರತದ ಸಂವಿಧಾನದಲ್ಲಿ ಅಕ್ಷರಶಃ ಇವೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಸೇರಿಸಿದ 12ನೇ ಅನುಸೂಚಿಯಲ್ಲಿ ನಗರಾಡಳಿತದ 18 ಕೆಲಸಗಳ ಪಟ್ಟಿಯಿದೆ. ಅವನ್ನು ಮಾಡಿಸಬೇಕಾದವರು ನಾವು ಆರಿಸಿದ ಕಾರ್ಪೊರೇಟರು. ಮೂಡಲಪಾಳ್ಯ ಬಿಬಿಎಂಪಿಯ 127ನೇ ವಾರ್ಡಾಗಿತ್ತು. ಆ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ನಡುವಿನ ಐದು ವರ್ಷ ಬೀದಿ ದೀಪ ಕೆಟ್ಟರೆ ದೂರು ಹೇಳಲು ಚುನಾಯಿತ ಕಾರ್ಪೊರೇಟರೊಬ್ಬರೂ ಇರಲಿಲ್ಲ.

ದೀಪದ ವಿಷಯ ಬಂತಲ್ಲ, ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಶಿವನಸಮುದ್ರದ ಕರೆಂಟಿನಿಂದ. ಬೆಳಕೂ ಕಾವೇರಿಯದ್ದೇ.

ಮೂಡಲಪಾಳ್ಯದ ತಾರಸಿಗಳ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ದಿಣ್ಣೆಯ ಈ ಮಗ್ಗುಲಿನ ನೀರೆಲ್ಲ ರಾಜಕಾಲುವೆ ಹಿಡಿದು ವೃಷಭಾವತಿ ನದಿಗೆ. ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ, ಮೈಸೂರು ರಸ್ತೆಯ ಜೊತೆಜೊತೆಗೆ, ಜ್ಞಾನಭಾರತಿ ಕೆಂಗೇರಿ ದಾಟಿ, ಬಿಡದಿಯ ಬೈರಮಂಗಲ ಕೆರೆಗೆ. ಅಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ನಾವು ಕುಡಿಯಲು ನೀರೆತ್ತುವುದು ಆ ಸಂಗಮಕ್ಕಿಂತ ಮೇಲೆ, ಶಿವನಸಮುದ್ರದ ಬಳಿ. ಹಾಗಾಗಿ ವೃಷಭಾವತಿಗೆ ನಾವು ಬಿಟ್ಟ ನೊರೆ ನಮ್ಮ ಲೋಟಕ್ಕೆ ವಾಪಸು ಬರುವುದಿಲ್ಲ. ಅದರ ನೀರಿನಲ್ಲಿ ಬೈರಮಂಗಲದ ಸುತ್ತಿನ ರೈತರು ಬೆಳೆದದ್ದು ಮಾತ್ರ ಒಮ್ಮೊಮ್ಮೆ ಟೆಂಪೋ ಹತ್ತಿ ಮೈಸೂರು ರಸ್ತೆಯಲ್ಲಿ ಮಾರುಕಟ್ಟೆಗೆ ಬರುತ್ತದೆ.