ಹೆರಿಗೆ ಕೋಣೆಯ ಬಾಗಿಲಿಗೆ ಬರುವ ಮುನ್ನ

ಬಾಣಂತಿಯನ್ನು ನೋಡಲು ಹೋದವರು ಕೇಳುವ ಮೊದಲ ಪ್ರಶ್ನೆ, ಮಗು ಗಂಡೋ ಹೆಣ್ಣೋ ಎಂದು. ಎರಡನೆಯದು, "ನಾರ್ಮಲ್ಲಾ, ಆಪರೇಷನ್ನಾ?" ಎಂದು. ಆಪರೇಷನ್ ಎಂಬ ಉತ್ತರ ಬಂದರೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ ಹಿರಿಯರೊಬ್ಬರು, "ನಾವು ಏಳೆಂಟು ಹೆತ್ತೆವು, ಒಂದಕ್ಕೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಈಗಿನ ಹುಡುಗಿಯರಿಗೆ ನೋವು ತಡೆಯುವ ಶಕ್ತಿಯೇ ಇಲ್ಲ" ಎನ್ನುತ್ತಾರೆ. ಹೊಲಿಗೆಯ ನೋವಿನಲ್ಲಿ ಮಲಗಿರುವ ಹುಡುಗಿ ಗೋಡೆಯ ಕಡೆಗೆ ಮುಖ ತಿರುಗಿಸುತ್ತಾಳೆ.

ಆ ಏಳೆಂಟರಲ್ಲಿ ಎಷ್ಟು ಮಕ್ಕಳು ಉಳಿದವು, ಹೆರಿಗೆಯಲ್ಲೇ ಕಣ್ಣು ಮುಚ್ಚಿದ ತಾಯಂದಿರೆಷ್ಟು ಎಂಬ ಲೆಕ್ಕವನ್ನು ಮಾತ್ರ ಯಾರೂ ಹೇಳುವುದಿಲ್ಲ. ಸಿಸೇರಿಯನ್ ಆಗುವುದು ನೋವು ತಡೆಯಲಾಗದ ದೌರ್ಬಲ್ಯದಿಂದಲ್ಲ. ಬಹಳಷ್ಟು ಸಲ ಅದರ ಕಾರಣ ಹೆರಿಗೆಯ ದಿನಕ್ಕಿಂತ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಂದೆಯೇ ಆಕೆಯ ದೇಹದಲ್ಲಿ ಬೇರು ಬಿಟ್ಟಿರುತ್ತದೆ. ಆ ಕಾರಣಗಳನ್ನು ತಿಳಿದುಕೊಂಡರೆ ಕೆಲವು ಆಪರೇಷನ್‌ಗಳನ್ನು ತಪ್ಪಿಸಬಹುದು. ಅನಿವಾರ್ಯವಾದುದನ್ನು ಸಕಾಲದಲ್ಲಿ ಮಾಡಿಸಿ ತಾಯಿ ಮಗುವನ್ನು ಉಳಿಸಿಕೊಳ್ಳಬಹುದು.

ಅಂಕಿ ಅಂಶಗಳು ಏನು ಹೇಳುತ್ತವೆ?

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 23.6 ಸಿಸೇರಿಯನ್. 2019-21ರ ಸಮೀಕ್ಷೆಯ ಹೊತ್ತಿಗೆ ಅದು ಶೇ. 31.5ಕ್ಕೆ ಏರಿತ್ತು. ಅಂದರೆ ಹತ್ತು ಹೆರಿಗೆಗಳಲ್ಲಿ ಮೂರಕ್ಕೂ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಇಡೀ ದೇಶದ ಸರಾಸರಿ ಶೇ. 21.5. ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಶೇ. 14.3ರಷ್ಟಿದ್ದರೆ ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4.

ಜನಸಂಖ್ಯೆಯ ಮಟ್ಟದಲ್ಲಿ ಸಿಸೇರಿಯನ್ ಶೇ. 10ರವರೆಗೆ ಏರಿದಾಗ ತಾಯಿ ಮತ್ತು ಶಿಶು ಮರಣ ಇಳಿಯುತ್ತದೆ, ಅದಕ್ಕಿಂತ ಮೇಲೆ ಹೋದಾಗ ಮರಣ ಇನ್ನಷ್ಟು ಇಳಿದದ್ದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದರೊಂದಿಗೆ ಇನ್ನೊಂದು ಮಾತನ್ನೂ ಸೇರಿಸಿತು: ಒಂದು ನಿರ್ದಿಷ್ಟ ಶೇಕಡಾವಾರು ಮುಟ್ಟುವುದು ಗುರಿಯಾಗಬಾರದು, ಅಗತ್ಯವಿರುವ ಪ್ರತಿಯೊಬ್ಬ ತಾಯಿಗೂ ಅದು ಸಿಗಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಂತಹ ತಾಲೂಕುಗಳಲ್ಲಿ ಈ ಎರಡೂ ಮಾತುಗಳು ಒಟ್ಟಿಗೇ ಅನ್ವಯಿಸುತ್ತವೆ. ಪಟ್ಟಣದ ಮನೆಯ ಸೊಸೆಗೆ ಬೇಡದ ಆಪರೇಷನ್ ಆಗುವ ಭಯವಿದ್ದರೆ, ಕಾಡಂಚಿನ ಹಾಡಿಯ ಹೆಣ್ಣುಮಗಳಿಗೆ ಬೇಕಾದ ಆಪರೇಷನ್ ಹೊತ್ತಿಗೆ ಸಿಗದಿರುವ ಭಯ.

ಗೊತ್ತಾಗದೆ ಬರುವ ಸಕ್ಕರೆ ಕಾಯಿಲೆ

ಗರ್ಭಿಣಿಯಾಗಿರುವಾಗ ಮಾತ್ರ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆಯಿದೆ. ಸಾಮಾನ್ಯವಾಗಿ ಇದಕ್ಕೆ ಲಕ್ಷಣಗಳೇ ಇರುವುದಿಲ್ಲ. ತಾಯಿಯ ರಕ್ತದ ಸಕ್ಕರೆ ಮಗುವಿಗೂ ಹೋಗಿ ಮಗು ಅಳತೆ ಮೀರಿ ಬೆಳೆಯುತ್ತದೆ. ನಾಲ್ಕು ಕಿಲೋ ದಾಟಿದ ಮಗುವಿನ ಭುಜ ಹೊರಬರುವಾಗ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ವೈದ್ಯರು ಆಪರೇಷನ್ ಕಡೆಗೆ ವಾಲುತ್ತಾರೆ.

ಇದರ ಬಗ್ಗೆ ನಮ್ಮ ಜಿಲ್ಲೆಯಲ್ಲೇ ಮಹತ್ವದ ಅಧ್ಯಯನ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಕಡೆ, 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇ. 6.2 ಮಂದಿಯಲ್ಲಿ ಈ ಕಾಯಿಲೆ ಇತ್ತು. ಐದು ವರ್ಷಗಳ ನಂತರ ಅದೇ ತಾಯಂದಿರನ್ನು ಮತ್ತೆ ನೋಡಿದಾಗ, ಬಸುರಿನಲ್ಲಿ ಸಕ್ಕರೆ ಇದ್ದವರ ಪೈಕಿ ಶೇ. 37 ಮಂದಿಗೆ ಶಾಶ್ವತ ಮಧುಮೇಹ ಬಂದಿತ್ತು. ಇಲ್ಲದವರಲ್ಲಿ ಅದು ಕೇವಲ ಶೇ. 2. ಇದು ಹೆರಿಗೆಯೊಂದಿಗೆ ಮುಗಿದುಹೋಗುವ ಸಂಗತಿಯಲ್ಲ, ಇಡೀ ಬದುಕಿಗೆ ಸಿಕ್ಕ ಮುನ್ಸೂಚನೆ.

ಪರೀಕ್ಷೆ ಸರಳ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕುಡಿಸಿ ಎರಡು ಗಂಟೆಯ ಬಳಿಕ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಇದೆ ಎಂದರ್ಥ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕು. ಸಕ್ಕರೆ ಕಂಡುಬಂದವರಲ್ಲಿ ಹೆಚ್ಚಿನವರಿಗೆ ಆಹಾರ ಕ್ರಮ ಮತ್ತು ನಡಿಗೆಯೇ ಸಾಕಾಗುತ್ತದೆ. "ಇಬ್ಬರ ಊಟ ಉಣ್ಣು" ಎಂದು ಅನ್ನದ ಮೇಲೆ ಅನ್ನ ಬಡಿಸುವ ಪ್ರೀತಿ ಇಲ್ಲಿ ಮುಳುವಾಗುತ್ತದೆ. ಅನ್ನ ಕಡಿಮೆ ಮಾಡಿ, ಕಾಳು, ಸೊಪ್ಪು, ಮೊಟ್ಟೆ ಹೆಚ್ಚು ಕೊಡಿ. ರಾಗಿ ಮುದ್ದೆಯನ್ನೂ ಅಳತೆಯಲ್ಲೇ ಬಡಿಸಿ.

ರಮಝಾನ್ ತಿಂಗಳಲ್ಲಿ ಇಂತಹ ಗರ್ಭಿಣಿಯರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ತನಗೆ ಅಥವಾ ಮಗುವಿಗೆ ತೊಂದರೆಯಾಗುವ ಭಯವಿರುವ ಗರ್ಭಿಣಿಗೆ ಧರ್ಮವೇ ರಿಯಾಯಿತಿ ನೀಡಿರುವಾಗ, ಮನೆಯವರು ಅದನ್ನು ಕಿತ್ತುಕೊಳ್ಳುವುದು ಸರಿಯಲ್ಲ.

ರಕ್ತದೊತ್ತಡ ಮತ್ತು ರಕ್ತಹೀನತೆ

ಗರ್ಭಿಣಿಯ ರಕ್ತದೊತ್ತಡ 140/90 ಮುಟ್ಟಿದರೆ ಎಚ್ಚರ ವಹಿಸಬೇಕು. ಅದರೊಂದಿಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಬಳಿ ನೋವು, ಮುಖ ಊದುವುದು ಕಂಡರೆ ಒಂದು ದಿನವೂ ತಡಮಾಡಬಾರದು. ಮುಂದೆ ಅದು ಫಿಟ್ಸ್‌ಗೆ ತಿರುಗಿ ಎರಡು ಜೀವಗಳಿಗೂ ಅಪಾಯ ತರಬಹುದು. ಇದಕ್ಕೆ ಪೂರ್ಣ ಪರಿಹಾರ ಮಗುವನ್ನು ಹೊರಗೆ ತೆಗೆಯುವುದೇ ಆದ್ದರಿಂದ ಅನೇಕರಿಗೆ ದಿನ ತುಂಬುವ ಮೊದಲೇ ಸಿಸೇರಿಯನ್ ಮಾಡಬೇಕಾಗುತ್ತದೆ. ಹಾಗಾಗಿ ಪ್ರತಿ ಭೇಟಿಯಲ್ಲೂ ರಕ್ತದೊತ್ತಡ ನೋಡಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು.

ರಕ್ತಹೀನತೆಯ ಕತೆ ಬೇರೆ. 2019-21ರ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 52.2 ಮಂದಿ ರಕ್ತಹೀನರು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪಾಯ. ರಕ್ತವಿಲ್ಲದ ತಾಯಿಯ ಮಗು ಬೆಳೆಯದೆ, ಹೆರಿಗೆ ನೋವಿನ ಒತ್ತಡ ತಾಳಲಾರದೆ ಬಳಲಬಹುದು. ಆಗ ತುರ್ತು ಆಪರೇಷನ್. ಆಪರೇಷನ್ನಿನಲ್ಲಿ ರಕ್ತ ಇನ್ನಷ್ಟು ಹೋಗುತ್ತದೆ. ಮೊದಲೇ ಬರಿದಾದ ಕೊಡದಿಂದ ನೀರು ಮೊಗೆದಂತೆ.

ಕಬ್ಬಿಣಾಂಶದ ಮಾತ್ರೆಯನ್ನು ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುತ್ತಾರೆ. ಆದರೆ "ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ", "ಮಗು ದಪ್ಪವಾಗಿ ಆಪರೇಷನ್ ಆಗುತ್ತದೆ" ಎಂಬ ಮಾತುಗಳನ್ನು ನಂಬಿ ಅದನ್ನು ಕಪಾಟಿನಲ್ಲಿ ಕೂಡಿಡುವವರಿದ್ದಾರೆ. ಈ ಎರಡೂ ಸುಳ್ಳು. ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಿ. ಚಹಾದ ಜೊತೆ ಬೇಡ, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆರಸ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು.

ಹೊಗೆಸೊಪ್ಪಿನ ಊರುಗಳಲ್ಲಿ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳು ಹೊಗೆಸೊಪ್ಪು ಬೆಳೆಯುವ ತಾಲೂಕುಗಳು. ಮಳೆಗಾಲದಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುವ ಕೆಲಸದಲ್ಲಿ ಹೆಂಗಸರ ಕೈ ದೊಡ್ಡದು. ಒದ್ದೆ ಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕವೇ ದೇಹ ಸೇರುತ್ತದೆ. ತಲೆ ಸುತ್ತು, ವಾಂತಿ ಬರುತ್ತದೆ. ಬಸುರಿ ಹೆಂಗಸು ಇದನ್ನು ಬಸುರಿನ ವಾಂತಿ ಎಂದೇ ತಿಳಿದು ಕೆಲಸ ಮುಂದುವರಿಸುವ ಸಾಧ್ಯತೆಯಿದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವುದರಿಂದಲೂ ಮಗುವಿನ ತೂಕ ಕಡಿಮೆಯಾಗುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿದೆ. ಗರ್ಭಿಣಿಯನ್ನು ಸೊಪ್ಪಿನ ಕೆಲಸದಿಂದ ಬಿಡಿಸುವುದು ಮನೆಯ ಯಜಮಾನ ಮಾಡಬಹುದಾದ ದೊಡ್ಡ ಉಪಕಾರ.

ವಯಸ್ಸು, ಎತ್ತರ, ತೂಕ

ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಪೂರ್ತಿ ಬೆಳೆಯದ ಹುಡುಗಿಯ ಸೊಂಟದ ಮೂಳೆಯ ದಾರಿ ಕಿರಿದು. ಮಗುವಿನ ತಲೆ ಅಲ್ಲಿ ಸಿಕ್ಕಿಕೊಂಡರೆ ಆಪರೇಷನ್ ಬಿಟ್ಟು ಬೇರೆ ದಾರಿಯಿಲ್ಲ. ಚಿಕ್ಕಂದಿನಲ್ಲಿ ಸರಿಯಾದ ಊಟವಿಲ್ಲದೆ ಎತ್ತರ ಬೆಳೆಯದವರಲ್ಲೂ ಹೀಗಾಗುತ್ತದೆ. ಇವತ್ತು ಹೆಣ್ಣುಮಗುವಿನ ತಟ್ಟೆಗೆ ಬೀಳುವ ಮೊಟ್ಟೆ, ಹಾಲು ಇಪ್ಪತ್ತು ವರ್ಷದ ಬಳಿಕ ಅವಳ ಹೆರಿಗೆಯನ್ನು ಸುಲಭ ಮಾಡಬಲ್ಲದು.

ಇನ್ನೊಂದು ತುದಿಯಲ್ಲಿ, 35 ದಾಟಿದ ಮೇಲೆ ಮೊದಲ ಬಸುರಾದವರಿಗೆ ಮತ್ತು ಗರ್ಭ ಧರಿಸುವ ಮೊದಲೇ ತೂಕ ಹೆಚ್ಚಿದ್ದವರಿಗೆ ಸಕ್ಕರೆ, ರಕ್ತದೊತ್ತಡ, ಸಿಸೇರಿಯನ್ ಮೂರರ ಸಂಭವವೂ ಹೆಚ್ಚು. ಮಗು ಅಡ್ಡ ಅಥವಾ ಬುಡ ಮುಂದಾಗಿ ಇರುವುದು, ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿರುವುದು, ಅವಳಿ ಮಕ್ಕಳು - ಇವು ಯಾರ ತಪ್ಪೂ ಅಲ್ಲ.

ಹಿಂದಿನದು ಸಿಸೇರಿಯನ್ ಆಗಿದ್ದರೆ?

ಎರಡನೇ ಸಿಸೇರಿಯನ್ನಿಗೆ ಬಹು ದೊಡ್ಡ ಕಾರಣ ಮೊದಲ ಸಿಸೇರಿಯನ್. ಆದ್ದರಿಂದ ಮೊದಲ ಹೆರಿಗೆಯಲ್ಲೇ ಹೆಚ್ಚು ಎಚ್ಚರ ಬೇಕು. ಗರ್ಭಕೋಶದ ಹೊಲಿಗೆ ಗಟ್ಟಿಯಾಗಲು ಸಮಯ ಬೇಕಾಗುವುದರಿಂದ ಕನಿಷ್ಠ ಎರಡು ವರ್ಷ ಮುಂದಿನ ಬಸುರು ಬೇಡ. ಒಮ್ಮೆ ಆಪರೇಷನ್ ಆದವರಲ್ಲೂ ಅನೇಕರಿಗೆ ಮುಂದಿನ ಹೆರಿಗೆ ಸಹಜವಾಗಿ ಆಗಬಹುದು. ಆದರೆ ತುರ್ತಾಗಿ ಆಪರೇಷನ್ ಮಾಡುವ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಮಾತ್ರ ಅದನ್ನು ಪ್ರಯತ್ನಿಸಬೇಕು. ಹಿಂದಿನ ಡಿಸ್ಚಾರ್ಜ್ ಚೀಟಿಯನ್ನು ಜೋಪಾನ ಮಾಡಿ.

ದಾರಿಯ ದೂರ

ಸಿಸೇರಿಯನ್ ಮಾಡಲು ಸ್ತ್ರೀರೋಗ ತಜ್ಞರ ಜೊತೆ ಅರಿವಳಿಕೆ ತಜ್ಞರು ಬೇಕು, ರಕ್ತ ಬೇಕು. ತಾಲೂಕಿನಲ್ಲಿ ಇವುಗಳಲ್ಲಿ ಒಂದು ಇಲ್ಲದಿದ್ದರೂ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳಿಸುತ್ತಾರೆ. ಕೆ.ಆರ್. ನಗರದಿಂದ ಸುಮಾರು 40 ಕಿ.ಮೀ., ಹುಣಸೂರಿನಿಂದ 45, ಎಚ್.ಡಿ. ಕೋಟೆಯಿಂದ 50. ಪಿರಿಯಾಪಟ್ಟಣದಿಂದ ಇನ್ನೂ ದೂರ. ಕೋಟೆ ಭಾಗದವರಿಗೆ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆಯಿದೆ. ಕಬಿನಿ ಹಿನ್ನೀರಿನಾಚೆಯ ಡಿ.ಬಿ. ಕುಪ್ಪೆಯವರಿಗೆ ಕೇರಳದ ಮಾನಂದವಾಡಿಯೇ ಹತ್ತಿರ.

ಈ ದೂರವನ್ನು ನೋವು ಬಂದ ರಾತ್ರಿ ಅಳೆಯಬಾರದು. ಎಂಟನೇ ತಿಂಗಳಲ್ಲೇ ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ರಕ್ತ ಕೊಡುವವರು ಯಾರು ಎಂದು ತೀರ್ಮಾನಿಸಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ವಿಶೇಷ ತಪಾಸಣೆಯಿದೆ.

"ಲೇಡಿ ಡಾಕ್ಟರ್ ಇಲ್ಲ" ಎಂದು ಹೆರಿಗೆ ನೋವಿನ ಹೆಣ್ಣನ್ನು ಊರೂರು ಸುತ್ತಿಸುವುದು, ಗಂಡ ದುಬೈಯಲ್ಲಿದ್ದಾನೆ, ಅವನ ಫೋನ್ ಬರಲಿ ಎಂದು ಆಪರೇಷನ್ ತಡೆಯುವುದು ದುಬಾರಿ ತಪ್ಪುಗಳು. ವಯಸ್ಕ ಮಹಿಳೆಯ ಸ್ವಂತ ಒಪ್ಪಿಗೆಯೇ ಸಾಕು.

ಪ್ರಶ್ನೆ ಕೇಳುವ ಹಕ್ಕು

ಆಪರೇಷನ್ ಎಂದರೆ ಮೂಗು ಮುರಿಯುವುದು ಎಷ್ಟು ತಪ್ಪೋ, "ನೋವೇ ಬೇಡ, ಒಳ್ಳೆಯ ದಿನ ನೋಡಿ ತೆಗೆಸಿಬಿಡಿ" ಎನ್ನುವುದೂ ಅಷ್ಟೇ ತಪ್ಪು. ಅದು ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ. ರಕ್ತಸ್ರಾವ, ಸೋಂಕು, ಮುಂದಿನ ಬಸುರಿನಲ್ಲಿ ಮಾಸು ಹೊಲಿಗೆಗೆ ಅಂಟಿಕೊಳ್ಳುವ ಅಪಾಯ ಅದರೊಂದಿಗಿವೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದು ಇಡೀ ನಾಡನ್ನು ನಡುಗಿಸಿತು.

ಆದ್ದರಿಂದ ವೈದ್ಯರನ್ನು ವಿನಯದಿಂದ ಕೇಳಿ: ಕಾರಣವೇನು? ಈಗಲೇ ಮಾಡಬೇಕೇ, ಕಾಯಬಹುದೇ? ಕಾದರೆ ಅಪಾಯವೇನು? ಮೊದಲ ಹೆರಿಗೆ ನಿಧಾನವಾಗುವುದು ಸಹಜ. ಗಂಟೆಗೊಂದು ಸೆಂಟಿಮೀಟರ್‌ನಂತೆ ಬಾಯಿ ತೆರೆಯಲೇಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತಿಳಿಸಿದೆ. ನೋವಿನ ಹೊತ್ತಿನಲ್ಲಿ ನಡೆದಾಡುವುದು, ಧೈರ್ಯ ಹೇಳುವ ಹೆಂಗಸೊಬ್ಬರು ಜೊತೆಗಿರುವುದು ಸಹಜ ಹೆರಿಗೆಗೆ ನೆರವಾಗುತ್ತದೆ. ಆದರೆ ಮಗುವಿನ ಎದೆಬಡಿತ ಕುಸಿಯುತ್ತಿದೆ, ರಕ್ತ ಹೋಗುತ್ತಿದೆ ಎಂದು ವೈದ್ಯರು ಹೇಳಿದಾಗ ಅದು ಚರ್ಚೆಯ ಸಮಯವಲ್ಲ.

ಮುಂದಿನ ಸಲ ಬಾಣಂತಿಯನ್ನು ನೋಡಲು ಹೋದಾಗ "ನಾರ್ಮಲ್ಲಾ, ಆಪರೇಷನ್ನಾ?" ಎಂದು ಕೇಳುವ ಬದಲು "ಹೇಗಿದ್ದೀಯಮ್ಮಾ? ಹೊಲಿಗೆ ನೋಯುತ್ತಿದೆಯೇ? ಊಟ ಸೇರುತ್ತಿದೆಯೇ?" ಎಂದು ಕೇಳೋಣ. ಅದಕ್ಕಿಂತ ಮೊದಲು, ನಮ್ಮ ಮನೆಯಲ್ಲೇ ಇರುವ ಬಸುರಿಯ ತಾಯಿ ಕಾರ್ಡನ್ನು ಇವತ್ತು ಸಂಜೆ ಒಮ್ಮೆ ತೆರೆದು ನೋಡೋಣ. ರಕ್ತದೊತ್ತಡ, ಹಿಮೋಗ್ಲೋಬಿನ್, ಸಕ್ಕರೆ - ಈ ಮೂರು ಮನೆಗಳಲ್ಲಿ ಯಾವುದಾದರೂ ಖಾಲಿಯಿದ್ದರೆ, ನಾಳೆ ಬೆಳಿಗ್ಗೆ ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ.