ಎಲ್ಲರಿಗಿಂತ ಮೊದಲು ಏಳುವ ಕಾವಲುಗಾರ

ಹಳೆಯ ಲ್ಯಾಪ್‌ಟಾಪ್ ಆನ್ ಆಗಲು ಐದಾರು ನಿಮಿಷ ಹಿಡಿಯುತ್ತಿದೆ ಎಂದು ರಿಪೇರಿ ಅಂಗಡಿಯಲ್ಲಿ ಹೇಳಿ ನೋಡಿ. ಮೊದಲು ಬರುವ ಸಲಹೆ ಬಹುತೇಕ ಒಂದೇ: ‘ಆಂಟಿವೈರಸ್ ತೆಗೆದುಬಿಡಿ ಸಾರ್, ಎಲ್ಲಾ ಅದರಿಂದಾನೇ.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಯಂತ್ರ ಏಳುವ ಹೊತ್ತಿನಲ್ಲಿ ಡಿಸ್ಕನ್ನು ಹೆಚ್ಚು ದುಡಿಸುವ ತಂತ್ರಾಂಶಗಳಲ್ಲಿ ಆಂಟಿವೈರಸ್ ಒಂದು ಎಂಬುದು ನಿಜ. ಆದರೆ ಅದು ಎಲ್ಲರಿಗಿಂತ ಮೊದಲು ಎದ್ದು ಬಾಗಿಲಲ್ಲಿ ನಿಲ್ಲುವುದು ಸುಮ್ಮನೆ ಅಲ್ಲ. ಅದನ್ನು ಅಲ್ಲಿ ನಿಲ್ಲಿಸಿದ್ದು ವೈರಸ್ಸುಗಳೇ. ಆ ಕಥೆ ಗೊತ್ತಾದರೆ ಕಾವಲುಗಾರನನ್ನು ಓಡಿಸದೆಯೂ ಲ್ಯಾಪ್‌ಟಾಪನ್ನು ಚುರುಕಾಗಿಸುವ ದಾರಿ ಕಾಣುತ್ತದೆ.

ಕಥೆ ಶುರುವಾಗುವುದು 1986ರ ಲಾಹೋರಿನಲ್ಲಿ. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ‘ಬ್ರೈನ್’ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ತಾವು ಮಾರುತ್ತಿದ್ದ ವೈದ್ಯಕೀಯ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುವುದನ್ನು ತಡೆಯಲು ಹೀಗೆ ಮಾಡಿದೆವು ಎಂದು ಅವರು ಮುಂದೆ ಹೇಳಿದರು. ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಇತಿಹಾಸ ಅದನ್ನು ಗುರುತಿಸುತ್ತದೆ. ಅದರೊಳಗೆ ಅಂಗಡಿಯ ವಿಳಾಸವೂ ಇತ್ತು, ಫೋನ್ ನಂಬರೂ ಇತ್ತು. ಲಸಿಕೆಗಾಗಿ ಸಂಪರ್ಕಿಸಿ ಎಂಬ ಸೂಚನೆಯೂ ಇತ್ತು. 1987ರ ಹೊತ್ತಿಗೆ ಬ್ರೈನ್ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಫ್ಲಾಪಿಗಳವರೆಗೆ ಹೋಗಿ ಮುಟ್ಟಿತ್ತು.

ಬ್ರೈನ್ ಅವಿತುಕೊಂಡ ಜಾಗ ನಮ್ಮ ಕಥೆಗೆ ಮುಖ್ಯ. ಅದು ಸೇರಿಕೊಂಡದ್ದು ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ, ಅಂದರೆ ಕಂಪ್ಯೂಟರ್ ಕಣ್ಣು ತೆರೆದೊಡನೆ ಮೊದಲು ಓದುವ ತುಣುಕಿನಲ್ಲಿ. ಅಲ್ಲಿದ್ದ ಮೂಲ ಬರಹವನ್ನು ಬೇರೆಡೆಗೆ ಸಾಗಿಸಿ, ಆ ಜಾಗ ಕೆಟ್ಟುಹೋಗಿದೆ ಎಂದು ಗುರುತು ಹಾಕಿ, ತಾನು ಮುಂದೆ ಬಂದು ಕೂತಿತು. ಯಾರಾದರೂ ಬೂಟ್ ಸೆಕ್ಟರನ್ನು ಓದಲು ಹೋದರೆ ಮೂಲ ಬರಹವನ್ನೇ ತೋರಿಸಿ ಕಳಿಸುತ್ತಿತ್ತು. ಮೊದಲು ಎದ್ದವನು ಉಳಿದವರಿಗೆ ಏನು ಕಾಣಬೇಕು, ಏನು ಕಾಣಬಾರದು ಎಂದು ತೀರ್ಮಾನಿಸಬಲ್ಲ ಎಂಬುದನ್ನು ಅದು ಜಗತ್ತಿಗೆ ತೋರಿಸಿಕೊಟ್ಟಿತು. ಫ್ಲಾಪಿ ಡ್ರೈವ್ ನಿಧಾನವಾಗುವುದು ಅದರ ಸೋಂಕಿನ ಲಕ್ಷಣಗಳಲ್ಲಿ ಒಂದಾಗಿತ್ತು.

ಮೊದಮೊದಲ ಆಂಟಿವೈರಸ್‌ಗಳು ಕೇಳಿದಾಗ ಮಾತ್ರ ಕೆಲಸ ಮಾಡುತ್ತಿದ್ದವು. 1987ರಲ್ಲಿ ಜರ್ಮನಿಯ ಬೆರ್ನ್ಟ್ ಫಿಕ್ಸ್ ‘ವಿಯೆನ್ನಾ’ ವೈರಸ್ಸನ್ನು ತೆಗೆಯುವ ಪ್ರೋಗ್ರಾಂ ಬರೆದರು; ಅದೇ ವರ್ಷ ಅಮೆರಿಕದಲ್ಲಿ ಜಾನ್ ಮೆಕಾಫಿ ತಮ್ಮ ಕಂಪನಿ ಆರಂಭಿಸಿದರು. ಅನುಮಾನ ಬಂದಾಗ ಓಡಿಸು, ಹುಡುಕು, ತೆಗೆ, ಮುಚ್ಚು. ಅಷ್ಟೇ. ಆದರೆ ಸೋಂಕು ತಗುಲಿದ ಮೇಲೆ ಹುಡುಕುವುದು ತಡವಾದ ಹುಡುಕಾಟ. ಆದ್ದರಿಂದ ಆಂಟಿವೈರಸ್ ಮೆಮೊರಿಯಲ್ಲೇ ಠಿಕಾಣಿ ಹೂಡಿ, ಪ್ರತಿ ಫೈಲ್ ತೆರೆಯುವಾಗಲೂ ನೋಡಬೇಕು ಎಂಬ ಯೋಚನೆ ಬಂತು. 1993ರ ಎಂಎಸ್-ಡಾಸ್ 6ರೊಂದಿಗೆ ಬಂದ ‘ವಿಸೇಫ್’ ಅಂಥದ್ದು. ಯಂತ್ರ ಆನ್ ಆಗುವಾಗಲೇ ಕಾವಲನ್ನೂ ಎಬ್ಬಿಸುವ ರೂಢಿ ಹೀಗೆ ಬಿತ್ತು.

ಅದಕ್ಕೆ ಒಂದು ವರ್ಷ ಮೊದಲು, 1992ರ ಮಾರ್ಚ್ 6ರಂದು, ‘ಮೈಕೆಲೇಂಜೆಲೊ’ ವೈರಸ್ ಲಕ್ಷಾಂತರ ಕಂಪ್ಯೂಟರ್‌ಗಳ ಡಿಸ್ಕ್ ಅಳಿಸಿಹಾಕುತ್ತದೆ ಎಂಬ ಗುಲ್ಲು ಅಮೆರಿಕದ ಪತ್ರಿಕೆ, ಟಿವಿಗಳಲ್ಲಿ ಎದ್ದಿತ್ತು. ಹಾಳಾದವು ಸಾವಿರಗಳ ಲೆಕ್ಕದಲ್ಲಿ ಮಾತ್ರ. ಆದರೆ ಆ ಭಯದಿಂದ ಆಂಟಿವೈರಸ್ ಮನೆಮನೆಯ ಸರಕಾಯಿತು.

ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಯಾವ ಪ್ರೋಗ್ರಾಂ ವೈರಸ್, ಯಾವುದು ಅಲ್ಲ ಎಂದು ಎಲ್ಲ ಸಂದರ್ಭದಲ್ಲೂ ತಪ್ಪಿಲ್ಲದೆ ಹೇಳುವ ವಿಧಾನ ಇರಲು ಸಾಧ್ಯವೇ ಇಲ್ಲ ಎಂದು ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದ ಮೂಲಕ ತೋರಿಸಿಕೊಟ್ಟಿದ್ದರು. ಹಾಗಾಗಿ ಆಂಟಿವೈರಸ್ ಕಂಪನಿಗಳು ಗೊತ್ತಿರುವ ವೈರಸ್ಸುಗಳ ಗುರುತಿನ ಪಟ್ಟಿ ಬೆಳೆಸುತ್ತ ಹೋಗಬೇಕಾಯಿತು. ಪಟ್ಟಿಯ ಜೊತೆಗೆ ನಡವಳಿಕೆ ಗಮನಿಸುವ ಉಪಾಯಗಳೂ ಬಂದವು. ಆದರೆ ಪಟ್ಟಿ ಮಾತ್ರ ದಿನದಿನಕ್ಕೂ ಬೆಳೆಯುತ್ತಲೇ ಇದೆ. ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದಾಗ ಅದು ಮೆಮೊರಿಗೆ ಬರಬೇಕು; ನೆಟ್ ಸಿಕ್ಕೊಡನೆ ಹೊಸ ಕಂತು ಇಳಿಯಬೇಕು. 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರಕ್ಕೆ ಇದು ಸಣ್ಣ ಹೊರೆಯಲ್ಲ.

ನಮ್ಮಲ್ಲಿ ಆಂಟಿವೈರಸ್ ಬೇರೂರಿದ ಬಗೆ ಸ್ವಲ್ಪ ಬೇರೆ. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯಿಂದ ಬದುಕು ಕಟ್ಟಿಕೊಂಡ ಕೈಲಾಶ್ ಕಾಟ್ಕರ್ ಮುಂದೆ ಕಂಪ್ಯೂಟರ್ ರಿಪೇರಿಗೂ ಇಳಿದರು. ರಿಪೇರಿಗೆ ಬರುತ್ತಿದ್ದ ಯಂತ್ರಗಳಲ್ಲಿ ವೈರಸ್ ಕಾಟ ಕಂಡು, ಕಂಪ್ಯೂಟರ್ ಓದುತ್ತಿದ್ದ ತಮ್ಮ ಸಂಜಯ್ ಅದಕ್ಕೆ ಮದ್ದು ಬರೆಯತೊಡಗಿದರು. 1990ರ ದಶಕದಲ್ಲಿ ಅದೇ ‘ಕ್ವಿಕ್ ಹೀಲ್’ ಆಯಿತು. 2016ರಲ್ಲಿ ಆ ಕಂಪನಿ ಷೇರುಪೇಟೆ ಸೇರಿತು. ಚೆನ್ನೈನ ‘ಕೆ7’ ಹುಟ್ಟಿದ್ದೂ ಆ ದಶಕದ ಆರಂಭದಲ್ಲೇ. ಇಂಟರ್‌ನೆಟ್ ದುಬಾರಿಯಾಗಿದ್ದ ಆ ಕಾಲದಲ್ಲಿ ನಮ್ಮೂರುಗಳಲ್ಲಿ ವೈರಸ್ ಹರಡಿದ್ದು ಕೈಯಿಂದ ಕೈಗೆ: ಮೊದಲು ಫ್ಲಾಪಿ, ಆಮೇಲೆ ಪೆನ್‌ಡ್ರೈವ್. ಡಿಟಿಪಿ ಸೆಂಟರಿನಲ್ಲಿ ಲಗ್ನಪತ್ರಿಕೆ, ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟ್, ಸೈಬರ್ ಸೆಂಟರಿನಲ್ಲಿ ಅರ್ಜಿ. ಎಲ್ಲ ಕಡೆ ಚುಚ್ಚಿ ಬಂದ ಪೆನ್‌ಡ್ರೈವನ್ನು ಮನೆಯಲ್ಲಿ ತೆರೆದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. ಈ ಸೋಂಕುಗಳಲ್ಲಿ ಎಷ್ಟೋ ಹರಡಿದ್ದು, ಪೆನ್‌ಡ್ರೈವ್ ಚುಚ್ಚಿದೊಡನೆ ಅದರಲ್ಲಿನ ಪ್ರೋಗ್ರಾಂ ತಾನೇ ಓಡುವ ವಿಂಡೋಸ್‌ನ ‘ಆಟೋರನ್’ ಸೌಲಭ್ಯದ ಬೆನ್ನೇರಿ. 2008ರ ‘ಕಾನ್‌ಫಿಕರ್’ ಬಳಸಿಕೊಂಡ ದಾರಿಗಳಲ್ಲೂ ಅದು ಒಂದು. ಹಳೆಯ ವಿಂಡೋಸ್‌ಗಳಲ್ಲಿ ಪೆನ್‌ಡ್ರೈವ್‌ನ ಆಟೋರನ್ನನ್ನು ಮೈಕ್ರೋಸಾಫ್ಟ್ ಅಪ್‌ಡೇಟ್ ಮೂಲಕ ವ್ಯಾಪಕವಾಗಿ ಬಂದ್ ಮಾಡಿದ್ದು 2011ರ ಫೆಬ್ರುವರಿಯಲ್ಲಿ. ಅಷ್ಟು ಹೊತ್ತಿಗೆ ‘ಆಂಟಿವೈರಸ್ ಹಾಕಿಸಿದ್ದೀರಾ?’ ಎಂಬುದು ಕಂಪ್ಯೂಟರ್ ಕೊಂಡವರಿಗೆ ಎಲ್ಲರೂ ಕೇಳುವ ಪ್ರಶ್ನೆಯಾಗಿತ್ತು.

ಇದರ ಬೆನ್ನಿಗೇ ಇನ್ನೊಂದು ಗೊಂದಲ ಬಂತು. ಹೊಸ ಲ್ಯಾಪ್‌ಟಾಪ್ ಜೊತೆ ಕೆಲವು ದಿನಗಳ ಉಚಿತ ಆಂಟಿವೈರಸ್ ತುಂಬಿಯೇ ಬರುತ್ತಿತ್ತು. ಅವಧಿ ಮುಗಿದ ಮೇಲೆ ಅಂಗಡಿಯವರು ಇನ್ನೊಂದನ್ನು ಹಾಕಿಕೊಟ್ಟರು, ಮೊದಲನೆಯದನ್ನು ತೆಗೆಯಲಿಲ್ಲ. ಹೀಗೆ ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರಾದರು. ಒಂದು ಫೈಲ್ ತೆರೆದರೆ ಇಬ್ಬರೂ ತಪಾಸಣೆ ಮಾಡುತ್ತಾರೆ. ಒಬ್ಬನು ಮುಟ್ಟಿದ್ದನ್ನು ಇನ್ನೊಬ್ಬ ಮತ್ತೆ ನೋಡುತ್ತಾನೆ. ಸಾಮಾನ್ಯ ಅನ್‌ಇನ್‌ಸ್ಟಾಲ್‌ನಲ್ಲಿ ಆಳದ ಡ್ರೈವರ್ ಚೂರುಗಳು ಉಳಿದುಬಿಡಬಹುದು. ಅದಕ್ಕೆಂದೇ ದೊಡ್ಡ ಕಂಪನಿಗಳು ತಮ್ಮದನ್ನು ಬೇರುಸಹಿತ ಕೀಳುವ ಪ್ರತ್ಯೇಕ ಸಾಧನವನ್ನು ಉಚಿತವಾಗಿ ಕೊಡುತ್ತವೆ. ನಿಧಾನದ ಕಾರಣ ಹುಡುಕುವವರು ಮೊದಲು ನೋಡಬೇಕಾದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

2012ರಲ್ಲಿ ವಿಂಡೋಸ್ 8 ಬಂದಾಗ ಎರಡು ಬದಲಾವಣೆಗಳಾದವು. ಮೈಕ್ರೋಸಾಫ್ಟ್‌ನದೇ ಆದ ‘ಡಿಫೆಂಡರ್’ ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿ ವಿಂಡೋಸ್ ಒಳಗೇ ಬಂತು. ಜೊತೆಗೆ, ಹೊರಗಿನ ಕಂಪನಿಗಳ ಬೇರೆಲ್ಲ ಡ್ರೈವರ್‌ಗಳಿಗಿಂತ ಮೊದಲು ಆಂಟಿವೈರಸ್‌ನ ಡ್ರೈವರ್ ಎದ್ದು, ಹಿಂದೆ ಬರುವವರನ್ನು ತಪಾಸಣೆ ಮಾಡಲು ಅಧಿಕೃತ ಅವಕಾಶ ಸಿಕ್ಕಿತು. ಮೊದಲು ಎದ್ದವನೇ ಒಡೆಯ ಎಂದು ಬ್ರೈನ್ ತೋರಿಸಿಕೊಟ್ಟ 26 ವರ್ಷಗಳ ನಂತರ ಆ ಮೊದಲ ಸ್ಥಾನ ಕಾವಲುಗಾರನಿಗೆ ದಕ್ಕಿತು.

ಅಷ್ಟು ಆಳದಲ್ಲಿ ನಿಂತವನು ಎಡವಿದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ನೋಡಿದೆವು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಹೋದ ದೋಷವಿದ್ದ ಒಂದು ಫೈಲಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಆಮೇಲೆ ಮೈಕ್ರೋಸಾಫ್ಟ್, ಭದ್ರತಾ ತಂತ್ರಾಂಶಗಳನ್ನು ವಿಂಡೋಸ್‌ನ ಒಳತಿರುಳಾದ ಕರ್ನಲ್‌ನಿಂದ ಹೊರಗೆ ತರುವ ಕೆಲಸಕ್ಕೆ ಕೈಹಾಕಿದೆ.

ಇಷ್ಟೆಲ್ಲ ಹೇಳಿದ ಮೇಲೂ, ಹಳೆಯ ಲ್ಯಾಪ್‌ಟಾಪ್ ಐದು ನಿಮಿಷ ತೆಗೆದುಕೊಳ್ಳಲು ಮುಖ್ಯ ಕಾರಣ ಕಾವಲುಗಾರನಲ್ಲ ಎಂದೇ ನಾನು ಹೇಳುತ್ತೇನೆ. ಕಾರಣ ತಿರುಗುವ ಹಾರ್ಡ್ ಡಿಸ್ಕ್. ಹತ್ತು ವರ್ಷ ಹಿಂದಿನ ಸಾಮಾನ್ಯ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಜಾಗ ಡಿಸ್ಕ್ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಹತ್ತು ಹನ್ನೆರಡು ಮಿಲಿಸೆಕೆಂಡು. ಲೆಕ್ಕ ಹಾಕಿದರೆ ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ಸುಮಾರು 60 ಸಲ ಮಾತ್ರ ಓದಬಹುದು. ಲ್ಯಾಪ್‌ಟಾಪ್ ಏಳುವಾಗ ವಿಂಡೋಸ್, ಆಂಟಿವೈರಸ್, ಪ್ರಿಂಟರಿನ ಸಹಾಯಕ, ವಿಡಿಯೊ ಕರೆಯ ಆ್ಯಪ್ ಎಲ್ಲವೂ ಇಂಥ ಸಾವಿರಾರು ತುಣುಕು ಕೇಳುತ್ತವೆ. 6,000 ತುಣುಕುಗಳಿದ್ದರೆ ಅದಕ್ಕೇ 100 ಸೆಕೆಂಡು ಹೋಯಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪರ್ಸೆಂಟ್ ಎಂದು ಕೆಂಪಗೆ ಕಾಣುವುದು ಈ ಹೊತ್ತಿನಲ್ಲೇ. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಕಾವಲುಗಾರ ಅದೇ, ತಪಾಸಣೆ ಅದೇ; ಆದರೆ ಕಾಯುವ ಸಾಲು ಕರಗಿಬಿಡುತ್ತದೆ.

ಪರೀಕ್ಷಿಸುವ ಕ್ರಮವೂ ಕಷ್ಟದ್ದಲ್ಲ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟ ತೆರೆದರೆ ಯಾವ ಪ್ರೋಗ್ರಾಂ ಎಷ್ಟು ಭಾರ ಎಂಬುದನ್ನು ವಿಂಡೋಸ್ ತಾನೇ ಹೇಳುತ್ತದೆ. ಬೇಡದ್ದನ್ನು ಅಲ್ಲೇ ತಡೆಯಬಹುದು. ಸೇಫ್ ಮೋಡ್‌ನಲ್ಲಿ ಹೊರಗಿನ ಹೆಚ್ಚಿನ ಡ್ರೈವರ್‌ಗಳು ಏಳುವುದಿಲ್ಲ. ಆಗ ಲ್ಯಾಪ್‌ಟಾಪ್ ಚಕಚಕನೆ ತೆರೆದುಕೊಂಡರೆ ತೊಂದರೆ ತಂತ್ರಾಂಶದ್ದು, ಆಗಲೂ ತೆವಳಿದರೆ ಡಿಸ್ಕಿನದು ಎಂದು ಅನುಮಾನಿಸಬೇಕು. ವಿಂಡೋಸ್ 8ರಿಂದ ಈಚೆಗೆ ‘ಶಟ್‌ಡೌನ್’ ಒತ್ತಿದರೂ ಕರ್ನಲ್‌ನ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮುಂದಿನ ಸಲ ಅಲ್ಲಿಂದಲೇ ಎದ್ದೇಳುತ್ತದೆ. ಪೂರ್ತಿ ಹೊಸದಾಗಿ ಏಳುವುದು ‘ರೀಸ್ಟಾರ್ಟ್’ ಕೊಟ್ಟಾಗ. ಹಾಗಾಗಿ ಏನಾದರೂ ಬದಲಾಯಿಸಿ ಸಮಯ ಅಳೆಯುವವರು ರೀಸ್ಟಾರ್ಟ್ ಮಾಡಿಯೇ ಅಳೆಯಬೇಕು. ಆಂಟಿವೈರಸ್‌ನ ಪೂರ್ತಿ ಸ್ಕ್ಯಾನ್ ಆನ್ ಆಗುವ ಹೊತ್ತಿಗೇ ನಿಗದಿಯಾಗಿದ್ದರೆ ಅದನ್ನು ಮಧ್ಯಾಹ್ನ ಊಟದ ವೇಳೆಗೆ ಸರಿಸಿದರೂ ಸಾಕಷ್ಟು ಹಗುರಾಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಎಲ್ಲೆಡೆ ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿಕೊಡುವ ರಿಪೇರಿಯವರಿದ್ದಾರೆ. ಹೊಸ ಲ್ಯಾಪ್‌ಟಾಪಿನ ಬೆಲೆಯ ಮುಂದೆ ಅದರ ಖರ್ಚು ಬಹಳ ಕಡಿಮೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11ರ ಅರ್ಹತೆ ಇಲ್ಲ. ಅಂಥವುಗಳಿಗೆ ಎಸ್‌ಎಸ್‌ಡಿಯ ಜೊತೆಗೆ ಲಿನಕ್ಸ್ ಹಾಕಿದರೆ ಬರವಣಿಗೆ, ಬ್ರೌಸಿಂಗ್, ಮಕ್ಕಳ ಪಾಠಗಳಿಗೆ ಇನ್ನೂ ಕೆಲವು ವರ್ಷ ದುಡಿಯುತ್ತವೆ. ವಿಂಡೋಸ್‌ನಲ್ಲೇ ಇರುವವರು ಒಂದು ಆಂಟಿವೈರಸ್ ಇಟ್ಟುಕೊಳ್ಳಿ. ಬೇರೆ ಯಾವುದೂ ಇಲ್ಲದಿದ್ದರೆ ಒಳಗೇ ಇರುವ ಡಿಫೆಂಡರ್ ಮನೆಬಳಕೆಗೆ ಸಾಕು. ವೇಗಕ್ಕಾಗಿ ಅದನ್ನೂ ಬಂದ್ ಮಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಒಂದು ವೇಳೆ ಲ್ಯಾಪ್‌ಟಾಪ್ ಕೆಲವೇ ವಾರಗಳಲ್ಲಿ ಏಕಾಏಕಿ ನಿಧಾನವಾಗಿದ್ದರೆ, ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ, ಅದು ಡಿಸ್ಕ್ ಸಾಯುತ್ತಿರುವ ಲಕ್ಷಣವಿರಬಹುದು. ಕೆಟ್ಟ ಜಾಗವನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಒದ್ದಾಡುವುದರಿಂದಲೂ ಯಂತ್ರ ತಡವಾಗಿ ಏಳುತ್ತದೆ. ಆಗ ಸ್ಕ್ಯಾನ್, ಫಾರ್ಮ್ಯಾಟ್, ರಿಪೇರಿ ಯಾವುದಕ್ಕೂ ಮುನ್ನ ಅದರಲ್ಲಿರುವ ಫೋಟೊಗಳನ್ನು, ಕಾಗದಪತ್ರಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಇವತ್ತೇ ಮಾಡಿಕೊಳ್ಳಿ.